ಘಟ್ಟ ಹತ್ತುವಾಗ ಎಕ್ಸಿಲೇಟರ್ ಒತ್ತಿದರೆ ಇಡೀ ಕಾರು ಅದುರುತ್ತದೆ, ಪ್ಲಗ್ ಬದಲಿಸಿದರೂ ಹೋಗಿಲ್ಲ

ಶಿರಸಿ ಸವಾರ

ಎಲ್ಲರಿಗೂ ನಮಸ್ಕಾರ. ಗಾಡಿ ವಿಷಯದಲ್ಲಿ ಸ್ವಲ್ಪ ಸಹಾಯ ಬೇಕಿತ್ತು.

ಅಪ್ಪ ಕೊಂಡ ಪೆಟ್ರೋಲ್ ಹ್ಯಾಚ್‌ಬ್ಯಾಕ್, ಈಗ ನಾನು ಓಡಿಸುತ್ತಿದ್ದೇನೆ. ನಾಲ್ಕು ಸಿಲಿಂಡರ್, ಮ್ಯಾನುಯಲ್ ಗೇರ್. ಮೀಟರ್ ಲಕ್ಷದ ಹತ್ತಿರ ಬಂದಿದೆ. ಮನೆ ಶಿರಸಿ ಹತ್ತಿರ, ಕೆಲಸ ಕುಮಟಾದಲ್ಲಿ. ಹಾಗಾಗಿ ದೇವಿಮನೆ ಘಟ್ಟ ಇಳಿಯುವುದು, ಹತ್ತುವುದು ನಿತ್ಯದ್ದೇ.

ತೊಂದರೆ ಹೀಗಿದೆ. ದೀವಗಿಯಿಂದ ಕತಗಾಲದವರೆಗೆ ಗಾಡಿ ಆರಾಮಾಗಿ ಬರುತ್ತದೆ. ಏರು ಶುರುವಾಗಿ ಮೂರನೇ ಗೇರ್‌ನಲ್ಲಿ ಎಕ್ಸಿಲೇಟರ್ ಒತ್ತಿದರೆ 40–45 ವೇಗಕ್ಕೆ ಅದುರಲು ಶುರು. ಸ್ಟೀರಿಂಗ್ ಒಂದೇ ಅಲ್ಲ, ಸೀಟು, ಡ್ಯಾಶ್‌ಬೋರ್ಡು ಎಲ್ಲ ಅಲುಗಾಡುತ್ತದೆ. ಕಾಲು ಎತ್ತಿದ ಕೂಡಲೇ ಪೂರ್ತಿ ನಿಲ್ಲುತ್ತದೆ. ಮತ್ತೆ ಒತ್ತಿದರೆ ಮತ್ತೆ ಶುರು. ಒಬ್ಬನೇ ಇದ್ದರೆ ಕಡಿಮೆ. ಮನೆಯವರೆಲ್ಲ ಕೂತು ಡಿಕ್ಕಿಯಲ್ಲಿ ಅಕ್ಕಿ ಚೀಲ ಇದ್ದರೆ ಜಾಸ್ತಿ. ಹೆದ್ದಾರಿ 66ರಲ್ಲಿ ಒಂದೇ ವೇಗದಲ್ಲಿ 80–90ಕ್ಕೆ ಹೋದರೆ ಏನೂ ಇಲ್ಲ. ಐಡ್ಲಿಂಗ್ ಚೆನ್ನಾಗಿದೆ. ಚೆಕ್ ಇಂಜಿನ್ ದೀಪ ಬಂದಿಲ್ಲ.

ಒಂದು ಗ್ಯಾರೇಜಿನಲ್ಲಿ ಪ್ಲಗ್, ಏರ್ ಫಿಲ್ಟರ್ ಬದಲಿಸಿ, ಥ್ರಾಟಲ್ ಬಾಡಿ ತೊಳೆದು ಕೊಟ್ಟರು. ವೀಲ್ ಬ್ಯಾಲೆನ್ಸಿಂಗ್ ಸಹ ಆಯಿತು. ಒಂಚೂರೂ ವ್ಯತ್ಯಾಸ ಇಲ್ಲ. ಈಗ ಇಂಜಿನ್ನಿಗೆ ಪೆಟ್ರೋಲ್ ಸಿಂಪಡಿಸುವ ಇಂಜೆಕ್ಟರ್ ಬದಲಿಸೋಣ, ಹೋಗದಿದ್ದರೆ ಕ್ಲಚ್ ಬಿಚ್ಚೋಣ ಎನ್ನುತ್ತಿದ್ದಾರೆ. ಎರಡೂ ದೊಡ್ಡ ಖರ್ಚು. ಅದಕ್ಕೆ ಮುಂಚೆ ಗೊತ್ತಿದ್ದವರು ಒಂದು ಮಾತು ಹೇಳಿ.

ಕಾರವಾರ ಕಡಲು

ನನಗೆ ಮೊದಲ ಅನುಮಾನ ಇಗ್ನಿಷನ್ ಕಾಯಿಲ್ ಮೇಲೆ, ಅಂದರೆ ಪ್ಲಗ್‌ನಲ್ಲಿ ಕಿಡಿ ಹಾರಲು ವೋಲ್ಟೇಜ್ ಕೊಡುವ ಭಾಗದ ಮೇಲೆ. ಪ್ಲಗ್ ಹೊಸದಾದರೂ ಮೇಲಿನ ಕಾಯಿಲ್ ಹಳೇದೇ ಅಲ್ವಾ?

ಐಡ್ಲಿಂಗ್ ಚೆನ್ನಾಗಿದೆ ಅಂತ ಕಾಯಿಲ್ ಸರಿ ಇದೆ ಎನ್ನುವಂತಿಲ್ಲ. ಇಂಜಿನ್ ಮೇಲೆ ಭಾರ ಬಿದ್ದಾಗ ಸಿಲಿಂಡರ್ ಒಳಗೆ ಒತ್ತಡ ಏರುತ್ತದೆ. ಆ ಒತ್ತಡದಲ್ಲಿ ಕಿಡಿ ಹಾರಬೇಕಾದರೆ ಜಾಸ್ತಿ ವೋಲ್ಟೇಜ್ ಬೇಕು. ಸೋತ ಕಾಯಿಲ್ ಸಪಾಟು ರಸ್ತೆಯಲ್ಲಿ ಹೇಗೋ ನಿಭಾಯಿಸುತ್ತದೆ, ಏರಿನಲ್ಲಿ ಕೈಕೊಡುತ್ತದೆ. ಕಿಡಿ ತಪ್ಪಿ ಆ ಸಿಲಿಂಡರ್ ಉರಿಯುವುದಿಲ್ಲ. ಅದೇ ಮಿಸ್ಸಿಂಗ್.

ಕಂಡುಹಿಡಿಯಲು ದೊಡ್ಡ ಖರ್ಚಿಲ್ಲ. ನೂರಿನ್ನೂರು ರೂಪಾಯಿಯ ಮಾತಲ್ಲದಿದ್ದರೂ ಗಾಡಿಯ ಕಂಪ್ಯೂಟರಿನಿಂದ ದೋಷದ ಕೋಡ್ ಓದುವ ಅಗ್ಗದ ಬ್ಲೂಟೂತ್ ಒಬಿಡಿ ಸ್ಕ್ಯಾನರ್ ಸಿಗುತ್ತದೆ. ಇಲ್ಲದಿದ್ದರೆ ಸ್ನೇಹಿತರ ಹತ್ತಿರ ತನ್ನಿ. ದೀಪ ಬರದಿದ್ದರೂ ಪೆಂಡಿಂಗ್ ಕೋಡ್, ಅಂದರೆ ಇನ್ನೂ ಖಚಿತವಾಗದ ದೋಷದ ಗುರುತು, ಒಳಗೆ ಕೂತಿರಬಹುದು. ಪಿ 0301 ಬಂದರೆ ಒಂದನೇ ಸಿಲಿಂಡರ್, 0302 ಬಂದರೆ ಎರಡನೇದು, ಹೀಗೆ 0304ರವರೆಗೆ. ಪಿ 0300 ಬಂದರೆ ಯಾವುದೋ ಒಂದರಲ್ಲಿ ಅಂತಲ್ಲ, ಅಲ್ಲಲ್ಲಿ ಮಿಸ್ಸಿಂಗ್ ಆಗ್ತಿದೆ ಅಂತ. ಉದಾಹರಣೆಗೆ 0302 ಸಿಕ್ಕಿತು ಅನ್ನಿ. ಎರಡನೇ ಕಾಯಿಲ್ ತೆಗೆದು ಮೂರಕ್ಕೆ ಹಾಕಿ, ಮೂರರದ್ದು ಎರಡಕ್ಕೆ. ಕೋಡ್ ಅಳಿಸಿ ಓಡಿಸಿ. ಈಗ 0303 ಬಂದರೆ ಕಾಯಿಲ್ಲೇ ಕಳ್ಳ. 0302ರಲ್ಲೇ ನಿಂತರೆ ಪ್ಲಗ್, ಇಂಜೆಕ್ಟರ್, ಕಂಪ್ರೆಷನ್ ನೋಡಬೇಕು. ಹೊಸ ಇಂಜೆಕ್ಟರ್ ಅಂದಾಜಿನ ಮೇಲೆ ಯಾಕೆ ಹಾಕಿಸುತ್ತೀರಿ?

ಕಾಯಿಲ್ ಎತ್ತಿದಾಗ ಪ್ಲಗ್ ಕೂರುವ ಬಾವಿಗೆ ಟಾರ್ಚ್ ಹಾಕಿ ನೋಡಿ. ನಮ್ಮ ಕರಾವಳಿ ಮಳೆಯಲ್ಲಿ ಬಾನೆಟ್ ಸಂದಿಯಿಂದ ನೀರು ಇಳಿದು ಅಲ್ಲಿ ನಿಲ್ಲುವುದುಂಟು. ಆಯಿಲ್ ಕಂಡರೆ ಮೇಲಿನ ಕವರಿನ ಪ್ಯಾಕಿಂಗ್ ಹೋಗಿದೆ ಎಂದು ಅರ್ಥ. ನೀರು, ಆಯಿಲ್ ಎರಡೂ ಕಾಯಿಲ್‌ನ ರಬ್ಬರನ್ನು ಹಾಳು ಮಾಡುತ್ತವೆ.

ಇನ್ನೊಂದು. ಅದುರುವಾಗ ಚೆಕ್ ಇಂಜಿನ್ ದೀಪ ಮಿಣಕ್ ಮಿಣಕ್ ಅಂದರೆ ಹಾಗೇ ಓಡಿಸಬೇಡಿ. ಸುಡದ ಪೆಟ್ರೋಲ್ ಸೈಲೆನ್ಸರ್ ಕಡೆಯ, ಹೊಗೆಯ ವಿಷ ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್‌ಗೆ ಹೋಗಿ ಅಲ್ಲಿ ಉರಿಯುತ್ತದೆ. ಅದು ಹೋದರೆ ಕಾಯಿಲ್‌ಗಿಂತ ಎಷ್ಟೋ ಪಟ್ಟು ಖರ್ಚು.

ಅಡಿಕೆ ತೋಟ, ಸಿದ್ದಾಪುರ

ಪೆಟ್ರೋಲಿನ ಕಡೆ ಯಾರೂ ಹೇಳಿಲ್ಲ. ಈಗ ಬಂಕಿನಲ್ಲಿ ಸಿಗುವುದು 20 ಶೇಕಡಾ ಎಥೆನಾಲ್ ಬೆರೆಸಿದ್ದು. ಎಥೆನಾಲ್ ನೀರನ್ನು ಎಳೆದುಕೊಳ್ಳುತ್ತದೆ. ನಮ್ಮ ಕಡೆ ಮಳೆಗಾಲದ ಥಂಡಿಗೆ ಟ್ಯಾಂಕಿನಲ್ಲಿ ನೀರು ಸೇರಿದರೆ ಎಥೆನಾಲ್ ಮತ್ತು ನೀರು ಸೇರಿ ತಳಕ್ಕೆ ಇಳಿಯುತ್ತವೆ. ಪಂಪ್ ಎಳೆಯುವುದೂ ತಳದಿಂದಲೇ.

ಇಲಿ ವಿಷಯವೂ ನೋಡಿ. ತೋಟದ ಮನೆಗಳಲ್ಲಿ ರಾತ್ರಿ ಇಂಜಿನ್ ಬಿಸಿಗೆ ಬಂದು ಕೂರುತ್ತವೆ. ಇಂಜೆಕ್ಟರ್ ವೈರು ಅರ್ಧ ಕಚ್ಚಿ ಬಿಟ್ಟರೆ ಇಂಜಿನ್ ಅಲುಗಿದಾಗ ಮಾತ್ರ ಕನೆಕ್ಷನ್ ತಪ್ಪುತ್ತದೆ.

ಗ್ಯಾರೇಜ್ ಮಾವ, ಕುಮಟಾ

ಎಲ್ಲರೂ ಹೇಳಿದ್ದು ಸರಿಯೇ. ಆದರೆ ತಮಾ, ನಿನ್ನ ಬರಹದಲ್ಲೇ ಅರ್ಧ ಉತ್ತರ ಇದೆ. ಅದನ್ನು ಗ್ಯಾರೇಜಿನವರು ಕೇಳಿಸಿಕೊಂಡಿಲ್ಲ.

ನೀರು ಸೇರಿದ ಪೆಟ್ರೋಲ್ ಆದರೆ ಐಡ್ಲಿಂಗ್ ಕೆಡುತ್ತದೆ, ಸ್ಟಾರ್ಟ್ ಆಗಲು ಸತಾಯಿಸುತ್ತದೆ. ಟ್ಯಾಂಕ್ ತುಂಬಿಸಿದ ಮೇಲೆ ಶುರುವಾಯಿತು ಅಂತ ನೀನು ಹೇಳಿಲ್ಲ. ವೈರು ಕಚ್ಚಿದ್ದರೆ ಹೊತ್ತು ಗೊತ್ತಿಲ್ಲದೆ ಬರುತ್ತದೆ. ಹೀಗೆ 40–45ಕ್ಕೇ ಬಂದು ಕಾಲು ಎತ್ತಿದರೆ ಹೋಗುವುದಿಲ್ಲ. ವೀಲ್ ಬ್ಯಾಲೆನ್ಸಿಂಗ್ ತಪ್ಪಿದ್ದರೆ ಸಾಮಾನ್ಯವಾಗಿ 80ರ ಮೇಲೆ ತೋರಿಸುತ್ತದೆ. ಎಕ್ಸಿಲೇಟರ್ ಒತ್ತಿದರೂ ಬಿಟ್ಟರೂ ಅದು ಹೋಗುವುದಿಲ್ಲ.

ಉಳಿದದ್ದು ಎರಡೇ ದಾರಿ. ಇಂಜಿನ್ನಿಂದ ಬರುತ್ತಿದೆಯೋ, ಗೇರ್‌ಬಾಕ್ಸ್ ದಾಟಿದ ಮೇಲೆ ಚಕ್ರದ ಕಡೆಯಿಂದ ಬರುತ್ತಿದೆಯೋ. ಇದನ್ನು ಬೇರೆ ಮಾಡಲು ಸ್ಕ್ಯಾನರ್ ಸಹ ಬೇಡ. ಒಂದೇ ವೇಗ, ಬೇರೆ ಬೇರೆ ಗೇರ್. 45ಕ್ಕೆ ಎರಡನೇ ಗೇರ್‌ನಲ್ಲಿ ಏರಿಸಿ ನೋಡು, ಅದೇ ಏರಿನಲ್ಲಿ ಮೂರರಲ್ಲಿ, ಆಮೇಲೆ ನಾಲ್ಕರಲ್ಲಿ. ಮೂರೂ ಗೇರ್‌ಗಳಲ್ಲಿ ಇಂಜಿನ್ ಬೇರೆ ಬೇರೆ ಸುತ್ತಿನಲ್ಲಿರುತ್ತದೆ, ಚಕ್ರ ಮಾತ್ರ ಒಂದೇ ವೇಗದಲ್ಲಿ ತಿರುಗುತ್ತದೆ. ಯಾವ ಗೇರ್ ಹಾಕಿದರೂ 45ಕ್ಕೇ ಅದುರಿದರೆ ದೋಷ ಚಕ್ರದ ಕಡೆ. ಗೇರ್ ಬದಲಿಸಿದಾಗ ಅದುರುವ ವೇಗವೂ ಬದಲಾದರೆ ಇಂಜಿನ್ ಕಡೆ. ಪ್ರತಿ ಗೇರ್‌ನಲ್ಲೂ ಆರ್‌ಪಿಎಂ ಸೂಜಿ ಎಲ್ಲಿದೆ ಅಂತ ಪಕ್ಕದಲ್ಲಿ ಕೂತವರು ಬರೆದುಕೊಳ್ಳಲಿ.

ಇನ್ನೊಂದು, ರಿವರ್ಸ್‌ನಲ್ಲಿ ಸಣ್ಣ ಏರು ಹತ್ತಿಸಿ ನೋಡು. ಅದುರುತ್ತದೋ ಇಲ್ಲವೋ ಅಷ್ಟು ಹೇಳು, ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಈ ಪರೀಕ್ಷೆ ಘಟ್ಟದ ತಿರುವಿನಲ್ಲಿ ಬೇಡವೇ ಬೇಡ. ಹಿಂದೆ ಬಸ್ಸು, ಟ್ಯಾಂಕರ್ ಇರುತ್ತವೆ. ಮನೆ ಕಡೆ ಓಡಾಟ ಇಲ್ಲದ ಏರು ನೋಡಿಕೊ.

ಇಂಜಿನ್ನನ್ನು ಹಿಡಿದು ಕೂರಿಸುವ ಮೌಂಟಿಂಗ್ ಸಹ ನೋಡಿಬಿಡು. ಬಾನೆಟ್ ಎತ್ತಿ, ಹ್ಯಾಂಡ್‌ಬ್ರೇಕ್ ಎಳೆದು, ಕಾಲಿನ ಬ್ರೇಕೂ ಒತ್ತಿ ಹಿಡಿದು, ಫಸ್ಟ್ ಗೇರ್‌ನಲ್ಲಿ ಕ್ಲಚ್ ಒಂಚೂರು ಬಿಡು. ಆಮೇಲೆ ರಿವರ್ಸ್‌ನಲ್ಲಿ ಅದೇ. ಇನ್ನೊಬ್ಬರು ಪಕ್ಕದಲ್ಲಿ ನಿಂತು ಇಂಜಿನ್ ಎಷ್ಟು ಏಳುತ್ತದೆ ನೋಡಲಿ. ಗಾಡಿಯ ಮುಂದೆ, ಹಿಂದೆ ಯಾರೂ ನಿಲ್ಲಬಾರದು. ಒಂದು ಇಂಚಿಗಿಂತ ಜಾಸ್ತಿ ಎಗರಿದರೆ ಮೌಂಟಿಂಗ್ ರಬ್ಬರ್ ಹರಿದಿದೆ.

ಘಟ್ಟದ ದಾರಿ, ಯಲ್ಲಾಪುರ

ನಾನು ಟ್ಯಾಕ್ಸಿ ಓಡಿಸುವವನು. ಅರಬೈಲ್ ಘಟ್ಟ ನನಗೆ ಮನೆ ಅಂಗಳ. ನನ್ನ ಪ್ರಕಾರ ಕ್ಲಚ್ ಪ್ಲೇಟೇ. ಲಾರಿ ಹಿಂದೆ ಸಿಕ್ಕಿಕೊಂಡು ಹಾಫ್ ಕ್ಲಚ್‌ನಲ್ಲೇ ಗಾಡಿ ನಿಲ್ಲಿಸಿಕೊಳ್ಳುವ ಅಭ್ಯಾಸ ಸುಮಾರು ಜನರಿಗಿದೆ. ಪ್ಲೇಟ್ ಕಾಯುತ್ತದೆ, ಪ್ಲೇಟ್ ಒತ್ತಿಕೊಳ್ಳುವ ಇಂಜಿನ್ ಕಡೆಯ ಚಕ್ರದ, ಅಂದರೆ ಫ್ಲೈವೀಲ್ ಮೇಲೆ ನೀಲಿ ಕಲೆ ಬೀಳುತ್ತದೆ, ಆಮೇಲೆ ಹಿಡಿಯುವಾಗ ಗಡಗಡ ಅನ್ನುತ್ತದೆ. ಗ್ಯಾರೇಜಿನವರು ಹೇಳಿದ್ದು ತಪ್ಪಲ್ಲ.

ಗ್ಯಾರೇಜ್ ಮಾವ, ಕುಮಟಾ

ನೀವು ಹೇಳುವ ರೋಗ ಇದೆ, ದಿನಾ ನೋಡುತ್ತೇನೆ. ಗೇರ್‌ಬಾಕ್ಸ್ ಸೀಲಿನಿಂದಲೋ ಕ್ರ್ಯಾಂಕ್ ಹಿಂದಿನ ಸೀಲಿನಿಂದಲೋ ಆಯಿಲ್ ಬಂದು ಪ್ಲೇಟಿಗೆ ತಾಗಿದರೂ ಹಾಗೇ ಆಗುತ್ತದೆ. ಆದರೆ ಕ್ಲಚ್ ಗಡಗಡ ಅನ್ನುವುದು ನಿಂತ ಗಾಡಿ ಎತ್ತುವಾಗ. ಫಸ್ಟ್‌ನಲ್ಲಿ, ರಿವರ್ಸ್‌ನಲ್ಲಿ, ಪೆಡಲ್ ಅರ್ಧ ಬಿಟ್ಟಿರುವಾಗ. ಪೆಡಲ್ ಪೂರ್ತಿ ಬಿಟ್ಟ ಮೇಲೆ ಪ್ಲೇಟ್ ಮತ್ತು ಫ್ಲೈವೀಲ್ ಒಂದಾಗಿ ತಿರುಗುತ್ತವೆ, ಮಧ್ಯೆ ಉಜ್ಜಾಟವೇ ಇಲ್ಲ. ಈ ಹುಡುಗನಿಗೆ ಬರುವುದು ಮೂರನೇ ಗೇರ್‌ನಲ್ಲಿ, ಕಾಲು ಕ್ಲಚ್ ಮೇಲೆ ಇಲ್ಲದಾಗ. ಪ್ಲೇಟ್ ತೀರಾ ಸವೆದಿದ್ದರೆ ಇಂಜಿನ್ ಸುತ್ತು ಏರುತ್ತದೆ, ಗಾಡಿ ಏರುವುದಿಲ್ಲ. ಅದು ಜಾರುವುದು. ಅದುರುವುದೇ ಬೇರೆ.

ಹಾಫ್ ಕ್ಲಚ್ ಬಗ್ಗೆ ನೀವು ಹೇಳಿದ್ದಕ್ಕೆ ನೂರಕ್ಕೆ ನೂರು ಒಪ್ಪಿಗೆ. ಏರಿನಲ್ಲಿ ನಿಂತರೆ ಹ್ಯಾಂಡ್‌ಬ್ರೇಕ್ ಎಳೆಯಬೇಕು, ನ್ಯೂಟ್ರಲ್ ಮಾಡಬೇಕು.

ಶಿರಸಿ ಸವಾರ

ಮಾವ, ಅಮ್ಮಿನಳ್ಳಿ ಕಡೆಯ ಒಂದು ಏರಿನಲ್ಲಿ ನೋಡಿದೆ. ತಮ್ಮ ಪಕ್ಕದಲ್ಲಿ ಕೂತು ಬರೆದುಕೊಂಡ.

ಎರಡನೇ ಗೇರ್, 45 ವೇಗ, ಸೂಜಿ 3,400 ಹತ್ತಿರ: ಅದುರುತ್ತದೆ, ಇದರಲ್ಲೇ ಜಾಸ್ತಿ. ಮೂರನೇ ಗೇರ್, 2,300: ಅದುರುತ್ತದೆ. ನಾಲ್ಕನೇ ಗೇರ್, 1,700: ಅದುರುತ್ತದೆ, ಸ್ವಲ್ಪ ಮೆತ್ತಗೆ. ಅದುರುವ ಲಯ ಮೂರರಲ್ಲೂ ಒಂದೇ ಅನ್ನಿಸಿತು. ರಿವರ್ಸ್‌ನಲ್ಲಿ ಏರು ಹತ್ತಿಸಿದರೆ ಏನೂ ಇಲ್ಲ, ನಯವಾಗಿ ಹತ್ತಿತು. ಇಂಜಿನ್ ಬಾನೆಟ್ ಕೆಳಗೆ ಜಾಸ್ತಿ ಏಳುತ್ತಿಲ್ಲ. ಸ್ಕ್ಯಾನರ್ ಸಹ ಹಾಕಿಸಿದೆ, ಪೆಂಡಿಂಗ್ ಕೋಡ್ ಒಂದೂ ಇಲ್ಲ.

ಅಲುಗಾಟ ಹಿಂದೆ ಮುಂದೆ ಅಲ್ಲ, ಎಡ ಬಲ. ತಮ್ಮ ಹಿಡಿದುಕೊಂಡಿದ್ದ ನೀರಿನ ಬಾಟಲಿಯಲ್ಲಿ ನೀರು ಅಡ್ಡಡ್ಡ ಕುಣಿಯುತ್ತಿತ್ತು.

ಗ್ಯಾರೇಜ್ ಮಾವ, ಕುಮಟಾ

ಹಾಗಾದರೆ ಇಂಜೆಕ್ಟರ್ ಬೇಡ, ಕ್ಲಚ್ ಬೇಡ. ಗೇರ್‌ಬಾಕ್ಸ್‌ನಿಂದ ಚಕ್ರವನ್ನು ತಿರುಗಿಸುವ ಡ್ರೈವ್ ಶಾಫ್ಟ್, ನಾವು ಆಕ್ಸೆಲ್ ಅನ್ನುತ್ತೇವಲ್ಲ, ಅದರ ಒಳಗಿನ ಜಾಯಿಂಟ್. ಗೇರ್‌ಬಾಕ್ಸ್ ಕಡೆಯದ್ದು.

ಪ್ರತಿ ಆಕ್ಸೆಲ್‌ಗೆ ಎರಡು ಜಾಯಿಂಟ್. ಚಕ್ರದ ಕಡೆಯದ್ದು ಸವೆದರೆ ಸ್ಟೀರಿಂಗ್ ಪೂರ್ತಿ ತಿರುಗಿಸಿ ಹೋಗುವಾಗ ಕಟ್ ಕಟ್ ಕಟ್ ಅನ್ನುತ್ತದೆ. ಅದು ಎಲ್ಲರಿಗೂ ಗೊತ್ತು. ಗೇರ್‌ಬಾಕ್ಸ್ ಕಡೆಯದ್ದು ಸದ್ದು ಮಾಡುವುದೇ ಕಡಿಮೆ, ನೇರ ರಸ್ತೆಯಲ್ಲೇ ಗಾಡಿ ಅಲ್ಲಾಡಿಸುತ್ತದೆ. ಅದಕ್ಕೇ ಜನ ಪ್ಲಗ್ಗು, ಟೈರು ಅಂತ ಸುತ್ತುತ್ತಾರೆ.

ಈಗ ಜಾಯಿಂಟ್ ಒಳಗೆ ಏನಿದೆ ಕೇಳು. ಶಾಫ್ಟಿನ ತುದಿಗೆ ಮೂರು ಕೈ ಇರುವ ಒಂದು ಕಬ್ಬಿಣದ ತುಂಡು. ಪ್ರತಿ ಕೈಗೂ ಒಂದು ಉರುಳೆ, ಅದರೊಳಗೆ ಸೂಜಿ ಬೇರಿಂಗ್. ಈ ಮೂರು ಉರುಳೆ ಹೊರಗಿನ ಬಟ್ಟಲಿನ ಮೂರು ಉದ್ದುದ್ದ ಕಾಲುವೆಗಳಲ್ಲಿ ಕೂರುತ್ತವೆ. ಚಕ್ರ ಹೊಂಡಕ್ಕೆ ಇಳಿದು ಎದ್ದಾಗ ಶಾಫ್ಟ್ ಉದ್ದ ಹೆಚ್ಚು ಕಡಿಮೆ ಆಗಬೇಕಲ್ಲ, ಅದಕ್ಕೆ ಉರುಳೆ ಕಾಲುವೆಯಲ್ಲಿ ಒಳಗೆ ಹೊರಗೆ ಜಾರುತ್ತದೆ. ಶಾಫ್ಟ್ ಓರೆಯಲ್ಲಿ ತಿರುಗುವುದರಿಂದ ಪ್ರತಿ ಸುತ್ತಿಗೂ ಮೂರೂ ಉರುಳೆ ಹೀಗೆ ಹೋಗಿ ಬರಲೇಬೇಕು. ಗ್ರೀಸ್ ಇದ್ದು ಕಾಲುವೆ ನಯವಾಗಿದ್ದರೆ ನಿನಗೆ ಗೊತ್ತೇ ಆಗುವುದಿಲ್ಲ. ಕಾಲುವೆಯಲ್ಲಿ ಗುಳಿ ಬಿದ್ದಿದ್ದರೆ ಭಾರ ಬಿದ್ದಾಗ ಉರುಳೆ ಅಲ್ಲಿ ತಡೆಯುತ್ತದೆ, ಶಾಫ್ಟನ್ನು ಅಡ್ಡಕ್ಕೆ ತಳ್ಳುತ್ತದೆ. ಇಡೀ ಗಾಡಿ ಎಡ ಬಲ ಆಡುವುದು ಅದಕ್ಕೇ. ಎರಡನೇ ಗೇರ್‌ನಲ್ಲಿ ಜಾಸ್ತಿ ಅದುರಿತು ಅಂದೆಯಲ್ಲ, ಕೆಳಗಿನ ಗೇರ್‌ನಲ್ಲಿ ಶಾಫ್ಟಿನ ಮೇಲೆ ಬೀಳುವ ಬಲ ಜಾಸ್ತಿ. ಜನ, ಅಕ್ಕಿ ಚೀಲ ಕೂತರೆ ಎಳೆಯುವ ಭಾರ ಏರುತ್ತದೆ, ಶಾಫ್ಟಿನ ಓರೆಯೂ ಬದಲಾಗುತ್ತದೆ.

ರಿವರ್ಸ್ ಯಾಕೆ ಕೇಳಿದೆ ಅಂದರೆ, ಮುಂದೆ ಎಳೆಯುವಾಗ ಉರುಳೆ ಕಾಲುವೆಯ ಒಂದೇ ಗೋಡೆಯನ್ನು ಒತ್ತುತ್ತದೆ. ಎಷ್ಟೋ ಸಾವಿರ ಕಿ.ಮೀ. ಒತ್ತಿದ್ದು ಆ ಗೋಡೆಯನ್ನೇ. ರಿವರ್ಸ್‌ನಲ್ಲಿ ಆಚೆ ಗೋಡೆಗೆ ಒತ್ತುತ್ತದೆ, ಅದು ಸವೆದೇ ಇಲ್ಲ. ಎಕ್ಸಿಲೇಟರ್ ಬಿಟ್ಟಾಗಲೂ ಅಷ್ಟೇ, ಚಕ್ರವೇ ಇಂಜಿನ್ನನ್ನು ತಿರುಗಿಸುತ್ತದೆ, ಉರುಳೆ ಆಚೆ ಗೋಡೆಗೆ ಹೋಗುತ್ತದೆ. ಅದಕ್ಕೇ ನಿನಗೆ ಕಾಲು ಎತ್ತಿದ ಕ್ಷಣವೇ ನಿಲ್ಲುವುದು.

ಈಗ ಒಂದು ಕೆಲಸ ಮಾಡು. ಗಾಡಿ ಕೆಳಗೆ ಟಾರ್ಚ್ ಹಾಕಿ ಗೇರ್‌ಬಾಕ್ಸ್ ಪಕ್ಕದಲ್ಲಿ ಜಾಯಿಂಟ್ ಮುಚ್ಚಿ ಗ್ರೀಸ್ ಹಿಡಿದಿಡುವ ರಬ್ಬರ್ ಬೂಟು ಎರಡನ್ನೂ ನೋಡು. ಜಾಕ್ ಮೇಲೆ ಮಾತ್ರ ಎತ್ತಿ ಕೆಳಗೆ ನುಗ್ಗಬೇಡ. ಸ್ಟ್ಯಾಂಡ್ ಇಲ್ಲದಿದ್ದರೆ ಗ್ಯಾರೇಜಿನ ರ‍್ಯಾಂಪ್‌ಗೆ ಹೋಗು.

ಪಾಠದ ಮನೆ, ಕಾರವಾರ

ನಾನು ಪಾಲಿಟೆಕ್ನಿಕ್‌ನಲ್ಲಿ ಆಟೊಮೊಬೈಲ್ ವಿಷಯ ಕಲಿಸುತ್ತೇನೆ. ಮಾವ ಹೇಳಿದ ಗೇರ್ ಪರೀಕ್ಷೆ ಯಾಕೆ ಅಷ್ಟು ಮುಖ್ಯ ಅಂತ ಲೆಕ್ಕದಲ್ಲಿ ತೋರಿಸಬೇಕು ಅನ್ನಿಸಿತು. ಸಣ್ಣ ಲೆಕ್ಕ, ಭಯ ಬೇಡ.

ಹ್ಯಾಚ್‌ಬ್ಯಾಕ್ ಟೈರಿನ ಸುತ್ತಳತೆ ಸುಮಾರು 1.9 ಮೀಟರ್ ಅಂತ ಇಟ್ಟುಕೊಳ್ಳಿ. ಗಂಟೆಗೆ 45 ಕಿ.ಮೀ. ಅಂದರೆ ಸೆಕೆಂಡಿಗೆ 12.5 ಮೀಟರ್. ಚಕ್ರ ಸೆಕೆಂಡಿಗೆ ಆರೂವರೆ ಸುತ್ತು ತಿರುಗುತ್ತದೆ. ಒಳ ಜಾಯಿಂಟಿನಲ್ಲಿ ಮೂರು ಉರುಳೆ, ಹಾಗಾಗಿ ಸುತ್ತಿಗೆ ಮೂರು ತಳ್ಳು. ಸೆಕೆಂಡಿಗೆ ಹತ್ತಿರ ಹತ್ತಿರ 20.

ಈಗ ಮಿಸ್ಸಿಂಗ್ ನೋಡಿ. ನಾಲ್ಕು ಸ್ಟ್ರೋಕ್ ಇಂಜಿನ್ನಿನಲ್ಲಿ ಒಂದು ಸಿಲಿಂಡರ್ ಎರಡು ಸುತ್ತಿಗೊಮ್ಮೆ ಉರಿಯುತ್ತದೆ. ಮೂರನೇ ಗೇರ್‌ನಲ್ಲಿ 2,300 ಆರ್‌ಪಿಎಂ ಅಂದರೆ ಒಂದು ಸಿಲಿಂಡರ್ ಸೆಕೆಂಡಿಗೆ 19 ಸಲ ತಪ್ಪುತ್ತದೆ. 19 ಮತ್ತು 20! ಸೀಟಿನಲ್ಲಿ ಕೂತವರಿಗೆ ಎರಡೂ ಒಂದೇ ಥರ ಅನ್ನಿಸುತ್ತದೆ. ಗ್ಯಾರೇಜಿನವರು ಮಿಸ್ಸಿಂಗ್ ಅಂದುಕೊಂಡದ್ದು ಸಹಜವೇ.

ನಾಲ್ಕನೇ ಗೇರ್‌ಗೆ ಹಾಕಿದ ಕೂಡಲೇ ಎರಡೂ ಬೇರೆಯಾಗುತ್ತವೆ. 1,700ಕ್ಕೆ ಮಿಸ್ಸಿಂಗ್ ಸೆಕೆಂಡಿಗೆ 14ಕ್ಕೆ ಇಳಿಯಬೇಕಿತ್ತು. ಎರಡನೇ ಗೇರ್‌ನಲ್ಲಿ 28ಕ್ಕೆ ಏರಬೇಕಿತ್ತು. ಇವರಿಗೆ ಮೂರೂ ಗೇರ್‌ನಲ್ಲಿ ಲಯ ಒಂದೇ ಇತ್ತು. ಚಕ್ರದ ವೇಗ ಬದಲಾಗಿಲ್ಲ, ತಳ್ಳೂ ಬದಲಾಗಿಲ್ಲ. ಇದಕ್ಕಿಂತ ಚೆನ್ನಾದ ಸಾಕ್ಷಿ ಬೇಕಿಲ್ಲ. ಮಿಸ್ಸಿಂಗ್ ಆದರೆ ಗಾಡಿ ಹಿಂದೆ ಮುಂದೆ ಜಗ್ಗುತ್ತದೆ, ಜಾಯಿಂಟ್ ಆದರೆ ಅಡ್ಡ ಆಡುತ್ತದೆ. ಬಾಟಲಿಯ ನೀರು ಗಮನಿಸಿದ ತಮ್ಮನಿಗೆ ನನ್ನ ಕಡೆಯಿಂದ ಶಹಬ್ಬಾಸ್ ಹೇಳಿ.

ಶಿರಸಿ ಸವಾರ

ಸರ್, ಹೇಳಿದೆ, ಖುಷಿಯಾದ. ಐಟಿಐ ಸೇರುತ್ತೇನೆ ಅನ್ನುತ್ತಿದ್ದಾನೆ.

ಮಾವ, ರ‍್ಯಾಂಪ್ ಮೇಲೆ ನೋಡಿದೆ. ಬಲಗಡೆ ಬೂಟು ಗಟ್ಟಿ ಇದೆ, ಧೂಳು ಮಾತ್ರ. ಎಡಗಡೆ ಒಳಗಿನ ಬೂಟಿನ ದೊಡ್ಡ ಕ್ಲಿಪ್ ತುಕ್ಕು ತಿಂದು ತುಂಡಾಗಿದೆ. ಬೂಟು ಹರಿದಿಲ್ಲ, ಆದರೆ ಅಂಚು ಬಟ್ಟಲಿನಿಂದ ಜಾರಿ ಬಾಯಿ ಬಿಟ್ಟಿದೆ. ಗೇರ್‌ಬಾಕ್ಸ್ ಮೈಗೆ, ಪಕ್ಕದ ಕ್ರಾಸ್‌ಮೆಂಬರ್‌ಗೆ ಕಪ್ಪು ಗ್ರೀಸ್ ಗೆರೆ ಎಳೆದ ಹಾಗೆ ಸಿಡಿದಿದೆ. ಅದರ ಮೇಲೆ ಕೆಂಪು ಮಣ್ಣು ಮೆತ್ತಿಕೊಂಡು ಗಟ್ಟಿಯಾಗಿದೆ. ಬೆರಳಲ್ಲಿ ಉಜ್ಜಿದರೆ ಮರಳು ಮರಳು.

ಗ್ಯಾರೇಜ್ ಮಾವ, ಕುಮಟಾ

ಸಿಕ್ಕಿತು. ಕ್ಲಿಪ್ ತುಕ್ಕು ಹಿಡಿಯುವುದು ನಮ್ಮ ಕಡೆ ಬಹಳ. ಕಡಲ ಗಾಳಿಯ ಉಪ್ಪು, ಮಳೆಗಾಲದ ಕೆಸರು, ಎರಡೂ ತಾಗುವ ಗಾಡಿಗೆ ಬೂಟಿಗಿಂತ ಮೊದಲು ಕ್ಲಿಪ್ಪೇ ಹೋಗುತ್ತದೆ. ಸರ್ವಿಸಿನಲ್ಲಿ ಬೂಟು ಹರಿದಿದೆಯಾ ಅಂತ ಮಾತ್ರ ನೋಡುತ್ತಾರೆ.

ಇನ್ನು ಬಿಚ್ಚುವ ವಿಷಯ. ಯಾರ ಹತ್ತಿರ ಮಾಡಿಸಿದರೂ ಇಷ್ಟು ಗಮನಿಸು. ಶಾಫ್ಟಿನ ತುದಿಯನ್ನು ಚಕ್ರದ ನಡುವಿನ ಹಬ್‌ಗೆ ಬಿಗಿಯುವ ಹಬ್ ನಟ್ ಗಾಡಿ ನೆಲದ ಮೇಲೆ ಇರುವಾಗಲೇ ಸಡಿಲಿಸಬೇಕು. ಗೇರ್ ಆಯಿಲ್ ಮೊದಲು ಇಳಿಸಿಕೊಳ್ಳಲಿ, ಇಲ್ಲದಿದ್ದರೆ ಶಾಫ್ಟ್ ಬಂದ ಕೂಡಲೇ ನೆಲಕ್ಕೆ. ಶಾಫ್ಟ್ ಹಿಡಿದು ಜಗ್ಗಬಾರದು, ಜಗ್ಗಿದರೆ ಒಳಗಿನ ಜಾಯಿಂಟ್ ಬಿಚ್ಚಿಕೊಂಡು ಉರುಳೆಗಳು ಕೆಳಗೆ ಬೀಳುತ್ತವೆ. ಬಟ್ಟಲಿನ ಬುಡಕ್ಕೆ ಮೀಟುಗೋಲು ಕೊಟ್ಟು ಎಬ್ಬಿಸಬೇಕು. ಮೂರು ಕೈ ತುಂಡನ್ನು ಶಾಫ್ಟಿನಿಂದ ತೆಗೆಯುವ ಮೊದಲು ಎರಡಕ್ಕೂ ಗುರುತು ಹಾಕಿಕೊಳ್ಳಲಿ. ಅದೇ ಜಾಗಕ್ಕೆ ಅದೇ ಮುಖ ಕೂರಬೇಕು.

ಶಾಫ್ಟ್ ಇಲ್ಲದೆ ಗಾಡಿಯನ್ನು ಚಕ್ರದ ಮೇಲೆ ಇಳಿಸಿ ತಳ್ಳಬಾರದು. ಎಷ್ಟೋ ಗಾಡಿಯಲ್ಲಿ ಹಬ್ ಬೇರಿಂಗನ್ನು ಹಿಡಿದಿಡುವುದೇ ಆ ಶಾಫ್ಟು ಮತ್ತು ನಟ್ಟು. ಇದನ್ನು ಅವಸರದಲ್ಲಿ ಮರೆತು ಬೇರಿಂಗ್ ಕೆಡಿಸುವುದು ನೋಡಿದ್ದೇನೆ.

ಬಿಚ್ಚಿ ತೊಳೆದ ಮೇಲೆ ಕಾಲುವೆ ಗೋಡೆಗೆ ಉಗುರು ಎಳೆದು ನೋಡು. ಉಗುರು ಸಿಕ್ಕದೆ ಜಾರಿದರೆ ಜಾಯಿಂಟ್ ಬದುಕಿದೆ. ಹೊಸ ಬೂಟು, ಹೊಸ ಕ್ಲಿಪ್ಪು, ಮಾಲಿಬ್ಡಿನಮ್ ಇರುವ ಜಾಯಿಂಟ್ ಗ್ರೀಸ್ ಸಾಕು. ಉಗುರು ಸಿಕ್ಕಿದರೆ ಬೂಟು ಬದಲಿಸಿ ಏನೂ ಉಪಯೋಗ ಇಲ್ಲ, ಒಳ ಜಾಯಿಂಟೇ ಬೇಕು. ಹಳೇ ಗ್ರೀಸ್ ಮೇಲೆ ಹೊಸದು ಮೆತ್ತುವುದಂತೂ ಬೇಡ. ಮರಳು ಅಲ್ಲೇ ಉಳಿಯುತ್ತದೆ.

ಅಡಿಕೆ ತೋಟ, ಸಿದ್ದಾಪುರ

ಮಾವ, ಒಳ ಜಾಯಿಂಟ್ ಮಾತ್ರ ಸಿಗುತ್ತದಾ? ನನಗೆ ಒಮ್ಮೆ ಪೂರ್ತಿ ಆಕ್ಸೆಲ್ಲೇ ತರಬೇಕು ಎಂದಿದ್ದರು.

ಗ್ಯಾರೇಜ್ ಮಾವ, ಕುಮಟಾ

ಗಾಡಿ ಮೇಲೆ ಹೋಗುತ್ತದೆ. ಜಾಸ್ತಿ ಓಡುವ ಮಾಡೆಲ್‌ಗಳಿಗೆ ಬಟ್ಟಲು ಮತ್ತು ಮೂರು ಕೈ ತುಂಡು ಸೇರಿಸಿ ಕಿಟ್ ಸಿಗುತ್ತದೆ. ಕೆಲವಕ್ಕೆ ಪೂರ್ತಿ ಶಾಫ್ಟೇ ಗತಿ. ಬೂಟಿನ ಖರ್ಚು ನೂರುಗಳಲ್ಲಿ, ಶಾಫ್ಟಿನದ್ದು ಸಾವಿರಗಳಲ್ಲಿ. ಗುಜರಿಯಿಂದ ತರುವುದಾದರೆ ಉಗುರು ಪರೀಕ್ಷೆ ಮಾಡದೆ ದುಡ್ಡು ಕೊಡಬೇಡಿ. ಅಲ್ಲಿ ಸಿಗುವ ಶಾಫ್ಟ್ ಸಹ ಅಷ್ಟೇ ದೂರ ಓಡಿದ್ದಿರುತ್ತದೆ.

ಅಂಕೋಲಾ ಪಿಕಪ್

ನನ್ನದು ಹಿಂದಿನ ಚಕ್ರ ಎಳೆಯುವ ಡೀಸೆಲ್ ಪಿಕಪ್. ಮೀನು ಬಾಕ್ಸ್ ತುಂಬಿದಾಗ ಮೊದಲನೇ, ಎರಡನೇ ಗೇರ್‌ನಲ್ಲಿ ಎತ್ತುವಾಗ ಕೆಳಗಿನಿಂದ ದಡದಡ. ವೇಗ ಏರಿದ ಮೇಲೆ ಕಡಿಮೆ. ಖಾಲಿ ಗಾಡಿಯಲ್ಲಿ ಇಲ್ಲ. ಇದೂ ಇದೇನಾ?

ಗ್ಯಾರೇಜ್ ಮಾವ, ಕುಮಟಾ

ನಿಮ್ಮ ಗಾಡಿಯಲ್ಲಿ ಆ ಥರದ ಜಾಯಿಂಟ್ ಇಲ್ಲ. ಗೇರ್‌ಬಾಕ್ಸ್‌ನಿಂದ ಹಿಂದಿನ ಚಕ್ರಗಳ ಕಡೆಗೆ ಹೋಗುವ ಉದ್ದದ ಪ್ರೊಪೆಲರ್ ಶಾಫ್ಟ್ ಇದೆ. ಅದರ ಕ್ರಾಸ್, ಅಂದರೆ ಶಾಫ್ಟ್ ಓರೆಯಾಗಲು ಬಿಡುವ ಕೂಡಿಕೆ, ಮತ್ತು ನಡುವಿನ ಸೆಂಟರ್ ಬೇರಿಂಗ್ ನೋಡಿಸಿ. ಗಾಡಿ ನ್ಯೂಟ್ರಲ್‌ನಲ್ಲಿಟ್ಟು, ಚಕ್ರಕ್ಕೆ ಕಲ್ಲು ಕೊಟ್ಟು, ಶಾಫ್ಟನ್ನು ಕೈಯಲ್ಲಿ ಹಿಡಿದು ಮೇಲೆ ಕೆಳಗೆ ಆಡಿಸಿ. ಕ್ರಾಸ್‌ನಲ್ಲಿ ಟಕ್ ಅಂದರೆ ಬೇರಿಂಗ್ ಹೋಗಿದೆ. ಕ್ರಾಸ್ ಸುತ್ತ ಕೆಂಪು ತುಕ್ಕಿನ ಪುಡಿ ಕಂಡರೂ ಹೋಗಿದೆ ಅಂತಲೇ. ಮೀನಿನ ಉಪ್ಪು ನೀರು ಕೆಳಗೆ ಸುರಿಯುವ ಗಾಡಿಗೆ ಇದು ಬೇಗ ಬರುತ್ತದೆ. ಹೊರಗಿನಿಂದ ಗ್ರೀಸ್ ಹೊಡೆಯುವ ಮೂತಿ ಇದ್ದರೆ ತಪ್ಪದೆ ಹೊಡೆಸಿ.

ಸೆಂಟರ್ ಬೇರಿಂಗಿನ ರಬ್ಬರ್ ಹರಿದಿದ್ದರೆ ಭಾರ ಎತ್ತುವಾಗ ಶಾಫ್ಟ್ ಮೇಲೆದ್ದು ದಡದಡ ಅನ್ನುತ್ತದೆ, ನೀವು ಹೇಳಿದ ಹಾಗೇ. ನನಗೆ ಅದೇ ಹೆಚ್ಚು ಅನುಮಾನ. ಶಾಫ್ಟ್ ಬಿಚ್ಚುವ ಮೊದಲು ಪೇಂಟ್ ಗುರುತು ಹಾಕಿಸಿ. ಒಂದು ಹಲ್ಲು ತಪ್ಪಿ ಕೂತರೂ ಹೊಸ ಅದುರಾಟ ಶುರುವಾಗುತ್ತದೆ.

ನೌಕಾನೆಲೆ ರಸ್ತೆ, ಕಾರವಾರ

ನನ್ನದು ಆಟೊಮ್ಯಾಟಿಕ್, ಇಂಜಿನ್ ಬಲವನ್ನು ಆಯಿಲ್ ಮೂಲಕ ಗೇರ್‌ಬಾಕ್ಸ್‌ಗೆ ದಾಟಿಸುವ ಟಾರ್ಕ್ ಕನ್ವರ್ಟರ್ ಇರುವುದು. 60ರ ಆಸುಪಾಸಿನಲ್ಲಿ ಎಕ್ಸಿಲೇಟರ್ ಮೆಲ್ಲಗೆ ಒತ್ತಿದಾಗ ರಸ್ತೆಯ ಮೇಲಿನ ಸಣ್ಣ ಉಬ್ಬುಗಳ ಸಾಲಿನ ಮೇಲೆ ಹೋದ ಹಾಗೆ ಗುರ್ ಗುರ್. ಜೋರಾಗಿ ಒತ್ತಿದರೆ ಇಲ್ಲ. ಜಾಯಿಂಟಾ?

ಪಾಠದ ಮನೆ, ಕಾರವಾರ

ಇದು ಬಹುಶಃ ಅಲ್ಲ. ಜಾಯಿಂಟ್ ಆದರೆ ಜೋರಾಗಿ ಒತ್ತಿದಷ್ಟೂ ಜಾಸ್ತಿಯಾಗಬೇಕು. ನಿಮ್ಮದು ತಿರುಗುಮುರುಗು. ಟಾರ್ಕ್ ಕನ್ವರ್ಟರ್ ಒಳಗೆ ಇಂಜಿನ್ ಮತ್ತು ಗೇರ್‌ಬಾಕ್ಸನ್ನು ನೇರವಾಗಿ ಜೋಡಿಸುವ ಲಾಕ್‌ಅಪ್ ಕ್ಲಚ್ ಇರುತ್ತದೆ. ಹಗುರ ಭಾರದಲ್ಲಿ ಅದು ಹಿಡಿದುಕೊಳ್ಳುತ್ತದೆ. ಆಯಿಲ್ ಹಳೇದಾಗಿದ್ದರೆ ಹಿಡಿದು ಬಿಟ್ಟು, ಹಿಡಿದು ಬಿಟ್ಟು ಮಾಡುತ್ತದೆ. ಅದೇ ಆ ಗುರ್ ಗುರ್. ಜೋರಾಗಿ ಒತ್ತಿದರೆ ಲಾಕ್ ಬಿಡುತ್ತದೆ, ಅದುರುವುದೂ ನಿಲ್ಲುತ್ತದೆ. ಅದುರುತ್ತಿರುವಾಗ ಎಡಗಾಲಿನಿಂದ ಬ್ರೇಕ್ ಪೆಡಲನ್ನು ದೀಪ ಬರುವಷ್ಟು ಮಾತ್ರ ಮುಟ್ಟಿ ನೋಡಬಹುದು, ಹಿಂದೆ ಗಾಡಿ ಇಲ್ಲದಾಗ. ಬಹಳ ಗಾಡಿಗಳಲ್ಲಿ ಆಗ ಲಾಕ್ ಬಿಡುತ್ತದೆ. ಕೂಡಲೇ ನಿಂತರೆ ಅನುಮಾನ ಗಟ್ಟಿ.

ಗಾಡಿಯ ಪುಸ್ತಕದಲ್ಲಿ ಹೇಳಿದ ಆಯಿಲ್ಲನ್ನೇ ಹಾಕಿಸಿ. ಬೇರೆ ದರ್ಜೆಯದ್ದು ಹಾಕಿದರೆ ಇದೇ ತೊಂದರೆ ಹೊಸದಾಗಿ ಬರಬಹುದು.

ಶಿರಸಿ ಸವಾರ

ಎಲ್ಲರಿಗೂ ದೊಡ್ಡ ಥ್ಯಾಂಕ್ಸ್. ಕೆಲಸ ಆಯಿತು.

ಎಡಗಡೆ ಶಾಫ್ಟ್ ಬಿಚ್ಚಿದಾಗ ನಾನೂ ಪಕ್ಕದಲ್ಲಿದ್ದೆ. ಒಳಗಿನ ಗ್ರೀಸ್ ಕಂದು ಬಣ್ಣದ ಕೆಸರಾಗಿತ್ತು. ಡೀಸೆಲ್‌ನಲ್ಲಿ ತೊಳೆದು ಬೆಳಕಿಗೆ ಹಿಡಿದರೆ ಮಾವ ಹೇಳಿದ್ದು ಅಕ್ಷರಶಃ ಕಂಡಿತು. ಮೂರೂ ಕಾಲುವೆಗಳ ಒಂದು ಗೋಡೆಯಲ್ಲಿ ಉರುಳೆ ಕೂರುವ ಜಾಗ ಗುಳಿ ಬಿದ್ದು ಹೊಳೆಯುತ್ತಿದೆ. ಅದರ ಅಂಚಿಗೆ ಉಗುರು ಸಿಕ್ಕಿಕೊಳ್ಳುತ್ತದೆ. ಎದುರಿನ ಗೋಡೆ ಹೊಸದರಂತೆ ಬೂದು ಬಣ್ಣದಲ್ಲಿ ನಯವಾಗಿದೆ. ಒಂದು ಉರುಳೆಯ ಸೂಜಿ ಬೇರಿಂಗ್ ತಿರುಗಿಸಿದರೆ ಕರಕರ ಅನ್ನುತ್ತಿತ್ತು.

ನಮ್ಮ ಗಾಡಿಗೆ ಒಳ ಜಾಯಿಂಟ್ ಕಿಟ್ ಸಿಕ್ಕಿತು, ಹುಬ್ಬಳ್ಳಿಯಿಂದ ತರಿಸಿದರು. ಬೂಟ್, ಆಯಿಲ್ ಸೀಲ್, ಲಾಕ್ ರಿಂಗ್, ಹಬ್ ನಟ್ ಎಲ್ಲ ಹೊಸದು. ಗೇರ್ ಆಯಿಲ್ ಸಹ ಹೊಸದು ಹಾಕಿಸಿದೆ. ಆಮೇಲೆ ಮನೆಯವರನ್ನೆಲ್ಲ ಕೂರಿಸಿಕೊಂಡು ಕುಮಟಾಕ್ಕೆ ಹೋಗಿ ಬಂದೆ. ದೇವಿಮನೆ ಏರಿನಲ್ಲಿ ಎರಡನೇ ಗೇರ್, ಮೂರನೇ ಗೇರ್, ಹೇಗೆ ಒತ್ತಿದರೂ ಒಂಚೂರೂ ಅದುರಿಲ್ಲ.

ಒಂದು ಪ್ರಶ್ನೆ ಉಳಿದಿದೆ ಮಾವ. ಬಲಗಡೆಯದ್ದನ್ನೂ ಈಗಲೇ ಬದಲಿಸಬೇಕಾ? ಗ್ಯಾರೇಜಿನವರು ಜೋಡಿಯಾಗಿ ಹಾಕಿಸಿ ಎನ್ನುತ್ತಾರೆ.

ಗ್ಯಾರೇಜ್ ಮಾವ, ಕುಮಟಾ

ಬಹಳ ಸಂತೋಷ ತಮಾ. ಬಲಗಡೆ ಜಾಯಿಂಟ್ ಬದಲಿಸುವುದು ಬೇಡ. ಬ್ರೇಕ್ ಪ್ಯಾಡ್, ಶಾಕ್ ಅಬ್ಸಾರ್ಬರ್ ಜೋಡಿಯಾಗಿ ಹಾಕಬೇಕು. ಇದಕ್ಕೆ ಆ ನಿಯಮ ಇಲ್ಲ. ಬೂಟು ಗಟ್ಟಿ ಇದೆ, ಗ್ರೀಸ್ ಒಳಗೇ ಇದೆ ಅಂದರೆ ಅದು ಇನ್ನೂ ಬಹಳ ಓಡುತ್ತದೆ. ಕ್ಲಿಪ್ ಮಾತ್ರ ನೋಡು. ತುಕ್ಕು ಶುರುವಾಗಿದ್ದರೆ ಸ್ಟೇನ್‌ಲೆಸ್ ಕ್ಲಿಪ್ ಹಾಕಿಸು, ಮಳೆಗಾಲ ಬರುವ ಮೊದಲೇ.

ಘಟ್ಟದ ದಾರಿ, ಯಲ್ಲಾಪುರ

ಇದನ್ನೆಲ್ಲ ಓದಿ ನನ್ನ ಗಾಡಿ ಕೆಳಗೂ ಟಾರ್ಚ್ ಹಾಕಿದೆ. ಬಲಗಡೆ ಹೊರಗಿನ ಬೂಟಿನಲ್ಲಿ ಮಡಿಕೆ ಹತ್ತಿರ ಸಣ್ಣ ಸೀಳು. ಗ್ರೀಸ್ ಈಗಷ್ಟೇ ಒಸರುತ್ತಿದೆ. ಸದ್ದು, ಅದುರು ಏನೂ ಇಲ್ಲ. ಸೀಸನ್ ಮುಗಿಯಲಿ ಅಂತ ಬಿಡಬಹುದಾ?

ಗ್ಯಾರೇಜ್ ಮಾವ, ಕುಮಟಾ

ಬಿಡಬೇಡಿ. ಈಗ ಒಳಗೆ ಮಣ್ಣು ಹೋಗಿಲ್ಲ, ಬೂಟು ಮತ್ತು ಗ್ರೀಸ್‌ಗೆ ಮುಗಿಯುತ್ತದೆ. ಚಕ್ರ ತಿರುಗಿದ ಹಾಗೆ ಸೀಳು ಬಾಯಿ ತೆರೆಯುತ್ತದೆ, ಗ್ರೀಸ್ ಎಸೆಯುತ್ತದೆ, ಧೂಳು ಎಳೆದುಕೊಳ್ಳುತ್ತದೆ. ಕಟ್ ಕಟ್ ಶುರುವಾದ ಮೇಲೆ ಬಂದರೆ ಜಾಯಿಂಟ್ ದುಡ್ಡೂ ಸೇರುತ್ತದೆ. ಬಾಡಿಗೆ ಇಲ್ಲದ ದಿನ ನೋಡಿ ಬೆಳಿಗ್ಗೆ ಬೇಗ ಗಾಡಿ ಬಿಡಿ. ಸೀಳಿದ ಬೂಟಿಗೆ ಗಮ್ ಹಚ್ಚಿ ಅಂಟಿಸಿ ಕೊಡುತ್ತೇವೆ ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ, ಆ ರಬ್ಬರ್ ಮೇಲೆ ಅದು ನಿಲ್ಲುವುದಿಲ್ಲ.

ಘಟ್ಟದ ದಾರಿ, ಯಲ್ಲಾಪುರ

ಆಯಿತು. ಬೂಟು ಇಲ್ಲೇ ಅಂಗಡಿಯಲ್ಲಿ ಇದೆಯಂತೆ, ಸೋಮವಾರ ಹಾಕಿಸುತ್ತೇನೆ. ಗ್ರೀಸ್ ಬೂಟಿನ ಜೊತೆಗೇ ಬರುತ್ತದಾ, ಬೇರೆ ತರಬೇಕಾ?

ಗ್ಯಾರೇಜ್ ಮಾವ, ಕುಮಟಾ

ಒಳ್ಳೆ ಕಿಟ್‌ನಲ್ಲಿ ಗ್ರೀಸ್ ಪೊಟ್ಟಣ, ಕ್ಲಿಪ್ ಎರಡೂ ಇರುತ್ತವೆ. ಪೊಟ್ಟಣ ಪೂರ್ತಿ ಹಾಕಿಸಿ, ಅರ್ಧ ಉಳಿಸಿಕೊಳ್ಳುವುದು ಬೇಡ. ಇಲ್ಲದಿದ್ದರೆ ಜಾಯಿಂಟ್ ಗ್ರೀಸ್ ಅಂತಲೇ ಕೇಳಿ ತನ್ನಿ. ವೀಲ್ ಬೇರಿಂಗಿಗೆ ಹಾಕುವ ಮಾಮೂಲಿ ಗ್ರೀಸ್ ಇದಕ್ಕೆ ನಡೆಯುವುದಿಲ್ಲ.